ಮೊದಲು ನೆಲ, ಆಮೇಲೆ ಎಂಜಿನ್: ಹಳೆಯ ಪಿಕಪ್ ಕಲಿಸಿದ ಜಗ್ಗಾಟದ ಪಾಠಗಳು

ಅಮೆರಿಕದ ಇಂಡಿಯಾನಾ, ಒಹಾಯೊ, ಇಲಿನಾಯ್ ಕಡೆ ಬೇಸಿಗೆ ಎಂದರೆ ಕೌಂಟಿ ಜಾತ್ರೆಗಳ ಕಾಲ. ಮೆಕ್ಕೆಜೋಳ, ಸೋಯಾಬೀನ್ ಬೆಳೆಯುವ ಊರುಗಳಲ್ಲಿ ಹಸು, ಹಂದಿ, ಕುರಿಗಳ ಪ್ರದರ್ಶನದ ಜೊತೆಗೆ ಒಂದು ಸಂಜೆಯನ್ನು ಟ್ರ್ಯಾಕ್ಟರ್ ಮತ್ತು ಪಿಕಪ್ ಗಾಡಿಗಳ ಜಗ್ಗಾಟಕ್ಕೆಂದೇ ಮೀಸಲಿಡುತ್ತಾರೆ. ಮೊದಲು ಕುದುರೆಗಳನ್ನು ಕಟ್ಟಿ ಭಾರ ಎಳೆಸುತ್ತಿದ್ದ ರೈತರು 1929ರಲ್ಲಿ ಮಿಸೌರಿಯ ಬೌಲಿಂಗ್ ಗ್ರೀನ್ ಮತ್ತು ಒಹಾಯೊದ ವಾನ್ಸ್‌ವಿಲ್‌ನಲ್ಲಿ ಮೋಟಾರು ಗಾಡಿಗಳನ್ನು ಕಣಕ್ಕಿಳಿಸಿದರು. 1969ರಲ್ಲಿ ರಾಷ್ಟ್ರೀಯ ಟ್ರ್ಯಾಕ್ಟರ್ ಪುಲ್ಲರ್ಸ್ ಸಂಘ ಹುಟ್ಟಿತು. ಆದರೂ ಈ ಆಟದ ಬೇರು ಇರುವುದು ಸಣ್ಣ ಊರುಗಳ ಜಾತ್ರೆ ಮೈದಾನದಲ್ಲೇ.

ಗಾಡಿಯ ಹಿಂದಿನ ಕೊಂಡಿಗೆ ಸ್ಲೆಡ್ ಎಂಬ ಯಂತ್ರವನ್ನು ಸರಪಳಿಯಿಂದ ಕಟ್ಟುತ್ತಾರೆ. ಸ್ಲೆಡ್ಡಿನ ಹಿಂಭಾಗಕ್ಕೆ ಚಕ್ರ, ಮುಂಭಾಗದಲ್ಲಿ ನೆಲಕ್ಕೆ ಒತ್ತಿಕೊಂಡ ಅಗಲವಾದ ಉಕ್ಕಿನ ತಟ್ಟೆ, ಮೇಲೆ ತೂಕ ತುಂಬಿದ ಪೆಟ್ಟಿಗೆ. ಹೊರಡುವಾಗ ಪೆಟ್ಟಿಗೆ ಹಿಂದಿನ ಚಕ್ರಗಳ ಮೇಲಿರುತ್ತದೆ. ಚಕ್ರ ಉರುಳಿದಂತೆಲ್ಲ ಅದಕ್ಕೆ ಜೋಡಿಸಿದ ಗೇರಿನ ಬಲದಲ್ಲಿ ಪೆಟ್ಟಿಗೆ ಮುಂದಕ್ಕೆ ಸರಿದು ಭಾರವನ್ನೆಲ್ಲ ತಟ್ಟೆಯ ಮೇಲೆ ಹಾಕುತ್ತದೆ. ಹೆಜ್ಜೆ ಹೆಜ್ಜೆಗೂ ಎಳೆತ ಹೆಚ್ಚುತ್ತದೆ. 300 ಅಡಿ, ಅಂದರೆ ಸುಮಾರು 91 ಮೀಟರ್ ಎಳೆದರೆ ಪೂರ್ಣ ಎಳೆತ. ಒಬ್ಬರಿಗಿಂತ ಹೆಚ್ಚು ಜನ ಅಲ್ಲಿ ಮುಟ್ಟಿದರೆ ಸ್ಲೆಡ್ಡಿನ ಭಾರ ಹೆಚ್ಚಿಸಿ ಮತ್ತೆ ಎಳೆಸುತ್ತಾರೆ.

ನಾನು ರಾಯಚೂರು ಸೀಮೆಯವನು. ಕಾರಹುಣ್ಣಿಮೆಗೆ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡುತ್ತ ಬೆಳೆದೆ. ಈಗ ಇರುವುದು ಇಂಡಿಯಾನಾದ ಕೊಲಂಬಸ್‌ನಲ್ಲಿ, ಕಮಿನ್ಸ್ ಕಂಪನಿ 1919ರಲ್ಲಿ ಹುಟ್ಟಿದ ಊರಿನಲ್ಲಿ. ನಮ್ಮ ಮನೆಯ ಶೆಡ್ಡಿನಲ್ಲಿರುವುದು ಡಾಡ್ಜ್ ರಾಮ್ ಪಿಕಪ್ಪಿನ ಮೊದಲ ಡೀಸೆಲ್ ತಲೆಮಾರಿನ ಗಾಡಿ. 1989ರಿಂದ 1993ರವರೆಗೆ ಬಂದ ಮಾದರಿ, 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಎಂಜಿನ್. ನಮ್ಮ ಕಡೆಯವರಿಗೂ ಇದರ ಸದ್ದು ಹೊಸದಲ್ಲ. ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್‌ನಲ್ಲಿ ತಯಾರಾಗಿ ಟಾಟಾ ಲಾರಿಗಳಲ್ಲಿ ಕೂತ 5.9 ಲೀಟರ್ ಎಂಜಿನ್ ಇದೇ ಬಳಗದ್ದು. ಈ ಗಾಡಿಯನ್ನು ಜಗ್ಗಾಟಕ್ಕೆ ಸಜ್ಜು ಮಾಡುತ್ತ ಕಲಿತದ್ದನ್ನು, ಗಾಡಿ ಕೆಲಸದಲ್ಲಿ ಆಸೆ ಇರುವ ಎಲ್ಲರಿಗೂ ದಕ್ಕಲಿ ಎಂದು ಇಲ್ಲಿ ಬರೆದಿದ್ದೇನೆ.

1. ನಿಯಮದ ಪುಸ್ತಕ ಓದಿದ ಮೇಲೆ ಗಾಡಿ ಹುಡುಕಿ

ಒಂದೊಂದು ಕೌಂಟಿಗೂ ಅದರದೇ ವರ್ಗಗಳು. ಪೆಟ್ರೋಲ್ ಬೇರೆ, ಡೀಸೆಲ್ ಬೇರೆ. ದಿನಬಳಕೆಯ ಗಾಡಿಗೆ ಒಂದು ವರ್ಗ, ಪೂರ್ತಿ ಬದಲಾಯಿಸಿದ ಗಾಡಿಗೆ ಇನ್ನೊಂದು. ಒಟ್ಟು ತೂಕ, ಟೈರಿನ ಎತ್ತರ, ಕೊಂಡಿಯ ಎತ್ತರ, ಟರ್ಬೊ ಬಾಯಿಯ ಅಳತೆ ಎಲ್ಲಕ್ಕೂ ಮಿತಿ ಇರುತ್ತದೆ. ನಾನು ಇಳಿಯುವ ವರ್ಗದಲ್ಲಿ ಚಾಲಕನೂ ಸೇರಿ 8,000 ಪೌಂಡ್, ಅಂದರೆ ಸುಮಾರು 3,600 ಕೆ.ಜಿ. ಮೀರುವಂತಿಲ್ಲ; ಕೊಂಡಿ ನೆಲದಿಂದ 26 ಇಂಚಿಗಿಂತ ಮೇಲಿರುವಂತಿಲ್ಲ; ರಸ್ತೆಗೆ ಮಾನ್ಯವಾದ ಟೈರೇ ಬೇಕು. ಪುಸ್ತಕ ಓದದೆ ದೊಡ್ಡ ಟರ್ಬೊ ಕೂರಿಸಿಕೊಂಡವರು ತಮಗಿಂತ ಎರಡು ಪಟ್ಟು ಶಕ್ತಿಯ ಗಾಡಿಗಳ ವರ್ಗಕ್ಕೆ ಹೋಗಿ ಬೀಳುತ್ತಾರೆ. ಕೈಲಿರುವ ಹಣಕ್ಕೆ ಯಾವ ವರ್ಗ ಹೊಂದುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಯಾವ ಗಾಡಿ ಎಂಬುದು ಆಮೇಲೆ ತಾನೇ ತಿಳಿಯುತ್ತದೆ.

2. ಬಣ್ಣ ಬಿಡಿ, ಚಾಸಿ ನೋಡಿ

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಮೂವತ್ತು ವರ್ಷ ಆ ಉಪ್ಪಿನಲ್ಲಿ ಓಡಾಡಿದ ಗಾಡಿಯ ಕೆಳಮೈ ತುಕ್ಕಿನ ಗೂಡಾಗಿರುತ್ತದೆ. ಬಾಗಿಲ ಕೆಳಗಿನ ತಗಡು ತೂತಾಗಿದ್ದರೆ ಚಿಂತೆಯಿಲ್ಲ, ಅದು ಎಳೆಯುವ ಭಾಗವಲ್ಲ. ಚಾಸಿಯನ್ನು ಮಾತ್ರ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಗಂಟೆಯ ದನಿ ಕೊಡುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಚಕ್ಕೆ ಉದುರಿಸುತ್ತದೆ. ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಕಮಾನ್ ಪಟ್ಟಾದ ಬ್ರಾಕೆಟ್‌ಗಳು, ಹಿಂದಿನ ಅಡ್ಡಪಟ್ಟಿ, ಈ ಮೂರು ಕಡೆ ವೈರ್ ಬ್ರಷ್‌ನಿಂದ ಮಸಿ ಉಜ್ಜಿ ತೆಗೆದು ಟಾರ್ಚ್ ಹಿಡಿದು ಬಿರುಕು ಹುಡುಕಿ. ಕೂದಲೆಳೆಯಂಥ ಬಿರುಕೂ ಸ್ಲೆಡ್ಡಿನ ಭಾರಕ್ಕೆ ಬಾಯಿ ಬಿಡುತ್ತದೆ. ಬ್ರೇಕ್ ಪೈಪುಗಳನ್ನಂತೂ ನೋಡುವ ಗೋಜಿಗೂ ಹೋಗದೆ ಹೊಸದಾಗಿ ಹಾಕಿಸಿ.

ನಮ್ಮ ಬೀದಿಯಲ್ಲಿ ಬಹುಕಾಲ ಈ ಆಟ ಆಡಿದ ಹಿರಿಯರೊಬ್ಬರಿದ್ದಾರೆ. ನನ್ನ ಗಾಡಿ ಮನೆಗೆ ಬಂದ ದಿನ ಅವರು ಹೇಳಿದ್ದು ಇಷ್ಟೇ: "ಮೊದಲನೇ ವರ್ಷ ಬಾನೆಟ್ ಎತ್ತಬೇಡ, ಗಾಡಿ ಕೆಳಗೆ ಮಲಗು." ಈ ಲೇಖನದ ಸಾರವೂ ಅದೇ. ಹಣವನ್ನು ನೆಲದಿಂದ ಮೇಲಕ್ಕೆ ಖರ್ಚು ಮಾಡಬೇಕು.

3. ಕೊಂಡಿಯ ಎತ್ತರದಲ್ಲಿ ಅರ್ಧ ಪಂದ್ಯವಿದೆ

ಗಾಡಿ ಎಳೆಯುವಾಗ ಸರಪಳಿ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗು ನೆಲಮಟ್ಟದಲ್ಲಿಲ್ಲ, ಕೊಂಡಿಯ ಎತ್ತರದಲ್ಲಿದೆ. ಹಾಗಾಗಿ ಅದು ಮುಂದಿನ ಚಕ್ರಗಳ ಭಾರವನ್ನು ಎತ್ತಿ ಹಿಂದಿನ ಚಕ್ರಗಳ ಮೇಲೆ ಹಾಕುತ್ತದೆ. ಲೆಕ್ಕ ಸುಲಭ. ಎಳೆತವನ್ನು ಕೊಂಡಿಯ ಎತ್ತರದಿಂದ ಗುಣಿಸಿ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ. ನನ್ನ ಗಾಡಿಯಲ್ಲಿ ಆ ಅಂತರ 131 ಇಂಚು, ಕೊಂಡಿ 26 ಇಂಚು. 2,500 ಕೆ.ಜಿ. ಬಲದಲ್ಲಿ ಎಳೆಯುವಾಗ ಸುಮಾರು 500 ಕೆ.ಜಿ. ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಕೊಂಡಿಯನ್ನು 22 ಇಂಚಿಗೆ ಇಳಿಸಿದರೆ ಸರಿಯುವುದು 420 ಕೆ.ಜಿ. ಮಾತ್ರ.

ಹಿಂದಿನ ಟೈರಿಗೆ ಹಿಡಿತ ಬೇಕಾದರೆ ಕೊಂಡಿ ಮಿತಿಯ ಹತ್ತಿರವೇ ಇರಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಟೈರು ಹಗುರಾಗಿ ಸುಮ್ಮನೆ ಉರುಳಲೂಬಾರದು. ಕೊಂಡಿಯನ್ನು ಚಾಸಿಯ ಎರಡೂ ಹಳಿಗೆ ದಪ್ಪ ಪ್ಲೇಟ್ ಕೊಟ್ಟು, ಒಳ್ಳೆಯ ದರ್ಜೆಯ ಬೋಲ್ಟ್ ಹಾಕಿ, ಅಲುಗಾಡದಂತೆ ಕೂರಿಸಿ. ಅಂಗಡಿಯಲ್ಲಿ ಸಿಗುವ ಟ್ರೇಲರ್ ಎಳೆಯುವ ಬಾಲ್ ಇದಕ್ಕೆ ನಡೆಯದು. ಗಾಡಿಗೆ ತೂಕ ಹೇರಿ, ಟೈರಿಗೆ ಪಂದ್ಯದ ಗಾಳಿ ತುಂಬಿದ ಮೇಲೆಯೇ ಎತ್ತರ ಅಳೆಯಿರಿ. ಖಾಲಿ ಗಾಡಿಯ ಅಳತೆ ತಪಾಸಣೆಯ ಹೊತ್ತಿಗೆ ಬದಲಾಗಿರುತ್ತದೆ.

4. ತೂಕ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ದೊಡ್ಡದು

ಖಾಲಿ ಗಾಡಿಗೂ ವರ್ಗದ ಮಿತಿಗೂ ನಡುವೆ ಉಳಿಯುವ ತೂಕ ನಿಮ್ಮ ಕೈಯಲ್ಲಿರುವ ಅತಿ ಅಗ್ಗದ ಆಯುಧ. ಟ್ರ್ಯಾಕ್ಟರ್ ಮುಂದೆ ತೂಗುಹಾಕುವ 100 ಪೌಂಡಿನ, ಅಂದರೆ 45 ಕೆ.ಜಿ.ಯ ಎರಕದ ವೇಟ್‌ಗಳು ರೈತರ ಹತ್ತಿರ ಸಿಗುತ್ತವೆ. ಮುಂದಿನ ಬಂಪರಿನ ಆಚೆ ಒಂದು ಚೌಕಟ್ಟು ಬೆಸೆದು ಅಲ್ಲಿ ಹಾಕಿದರೆ, ಕೊಂಡಿ ಹಿಂದಕ್ಕೆ ಸರಿಸಿದ ಭಾರವನ್ನು ಅವು ಮುಂದಿನ ಚಕ್ರಕ್ಕೆ ಮರಳಿ ಕೊಡುತ್ತವೆ. ಡೀಸೆಲ್ ಎಂಜಿನ್ ತಾನೇ 450 ಕೆ.ಜಿ. ಮೀರಿದ ಕಬ್ಬಿಣದ ರಾಶಿ. ಅದು ಮುಂದಿನ ಆಕ್ಸಲ್ ಮೇಲೆಯೇ ಕೂತಿರುವುದು ಈ ಆಟದಲ್ಲಿ ವರ.

ವೇಟ್‌ಗಳನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಹಿಂದಿನ ತೊಟ್ಟಿಯಲ್ಲಿ ಮರಳಿನ ಚೀಲ ಇಡುವುದು ಬೇಡ, ಜಾರಿ ಒಂದು ಕಡೆಗೆ ಹೋದರೆ ಗಾಡಿ ಓರೆಯಾಗುತ್ತದೆ. ಸಾಧ್ಯವಾದರೆ ಧಾನ್ಯದ ಮಂಡಿಯ ವೇಬ್ರಿಜ್ ಮೇಲೆ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆಯಾಗಿ ತೂಗಿಸಿ ಬರೆದಿಡಿ. ಆ ಎರಡು ಸಂಖ್ಯೆ ಇಲ್ಲದೆ ಮಾಡುವ ಬದಲಾವಣೆಯೆಲ್ಲ ಊಹೆ.

5. ಒಂದು ಚಕ್ರ ಮಾತ್ರ ತಿರುಗಿದರೆ ಏನೂ ತಿರುಗಿದಂತಲ್ಲ

ಮಾಮೂಲಿ ಡಿಫರೆನ್ಷಿಯಲ್ ಹಿಡಿತ ಕಡಿಮೆ ಇರುವ ಕಡೆಗೆ ತಿರುಗುವಿಕೆಯನ್ನು ಬಿಟ್ಟುಕೊಡುತ್ತದೆ. ಜೇಡಿಮಣ್ಣಿನಲ್ಲಿ ಎಡಗಡೆ ಟೈರು ಜಾರಿತೆಂದರೆ ಬಲಗಡೆಯದು ನಿಂತೇಬಿಡುತ್ತದೆ. ನಾಲ್ಕು ಚಕ್ರದ ಗಾಡಿ ಎಂದು ಹೆಸರು, ಎಳೆಯುವುದು ಎರಡೇ. ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವ ಲಾಕರ್ ಹಾಕಿಸುವುದು ಎಂಜಿನ್‌ಗೆ ಹಾಕುವ ಯಾವ ಸಾಮಾನಿಗಿಂತಲೂ ಹೆಚ್ಚು ಅಡಿ ತಂದುಕೊಡುತ್ತದೆ. ಮೊದಲು ಹಿಂದೆ, ಹಣ ಉಳಿದರೆ ಮುಂದೆ. ಮುಂದೆ ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ, ತೋಳಿಗೆ ಅಭ್ಯಾಸ ಬೇಕು.

ಟೈರಿನ ವಿಷಯದಲ್ಲಿ ನಾಲ್ಕೂ ಒಂದೇ ಕಂಪನಿಯದು, ಒಂದೇ ಸವೆತದ್ದು ಇರಲಿ. ಸುತ್ತಳತೆಯ ವ್ಯತ್ಯಾಸ ಗೇರುಗಳನ್ನು ತಿನ್ನುತ್ತದೆ. ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ. ತೀರಾ ಇಳಿಸಿದರೆ ಪಕ್ಕದ ಗೋಡೆ ಮಡಚಿ ನಡುಭಾಗ ನೆಲ ಬಿಡುತ್ತದೆ. ಟೈರು ನೆಲದಲ್ಲಿ ಬಿಟ್ಟ ಗುರುತು ನೋಡಿ. ಅಂಚಿನಿಂದ ಅಂಚಿಗೆ ಒಂದೇ ಸಮ ಅಚ್ಚು ಬಿದ್ದಿದ್ದರೆ ಗಾಳಿ ಸರಿ ಇದೆ.

6. ಕುಣಿಯುವ ಗಾಡಿ ಎಳೆಯುವುದಿಲ್ಲ

ಭಾರ ಏರಿದಾಗ ಹಿಂದಿನ ಆಕ್ಸಲ್ ತನ್ನ ಮೇಲೆಯೇ ತಿರುಚಿಕೊಂಡು ಕಮಾನ್ ಪಟ್ಟಾವನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ. ಪಟ್ಟಾ ಮರಳಿ ನೆಟ್ಟಗಾಗುತ್ತದೆ, ಮತ್ತೆ ಬಗ್ಗುತ್ತದೆ. ಹೊರಗಿನಿಂದ ನೋಡಿದವರಿಗೆ ಗಾಡಿ ಜಿಗಿಯುವಂತೆ ಕಾಣುತ್ತದೆ. ಟೈರು ನೆಲ ಬಿಟ್ಟು ಮತ್ತೆ ನೆಲ ಕಚ್ಚುವ ಆ ಒಂದೊಂದು ಹೊಡೆತವೂ ಹಿಂದಿನ ಜಾಯಿಂಟ್ ರಾಡಿನ (ಪ್ರೊಪೆಲ್ಲರ್ ಶಾಫ್ಟಿನ) ಕ್ರಾಸ್ ಮೇಲೆ, ಆಕ್ಸಲ್ ಶಾಫ್ಟ್ ಮೇಲೆ ಬೀಳುತ್ತದೆ. ಜಾತ್ರೆಯಲ್ಲಿ ಮುರಿದು ಬಿದ್ದ ಗಾಡಿಗಳಲ್ಲಿ ಹೆಚ್ಚಿನವು ಶಕ್ತಿ ಹೆಚ್ಚಾಗಿ ಮುರಿದಿರುವುದಿಲ್ಲ, ಕುಣಿದು ಮುರಿದಿರುತ್ತವೆ.

ಪರಿಹಾರ ಸರಳ. ಆಕ್ಸಲ್‌ನಿಂದ ಚಾಸಿಗೆ ಗಟ್ಟಿ ಕೊಳವೆಯ ಟ್ರ್ಯಾಕ್ಷನ್ ಬಾರ್ ಹಾಕಿ. ಆಗ ಆಕ್ಸಲ್ ತಿರುಚಲು ಜಾಗವಿರುವುದಿಲ್ಲ. ನಿಯಮ ಒಪ್ಪಿದರೆ ಪಟ್ಟಾ ಮತ್ತು ಚಾಸಿಯ ನಡುವೆ ಉಕ್ಕಿನ ದಿಮ್ಮಿ ಇಟ್ಟು ಹಿಂಭಾಗ ಕುಸಿಯದಂತೆ ಮಾಡಿ. ಕೊಂಡಿ ಕೆಳಗಿಳಿಯದೆ ತನ್ನ ಎತ್ತರದಲ್ಲೇ ನಿಲ್ಲುವುದು ಇದರ ಇನ್ನೊಂದು ಲಾಭ.

7. ಗೇರನ್ನು ಕಾಗದದ ಮೇಲೆ ಆರಿಸಿ

ಎಳೆಯುವಾಗ ಗೇರು ಬದಲಾಯಿಸಲು ಹೊತ್ತಿಲ್ಲ. ಒಂದೇ ಗೇರಿನಲ್ಲಿ ಹೊರಟು ಅದರಲ್ಲೇ ಮುಗಿಸಬೇಕು. ನನ್ನ ಗಾಡಿಯಲ್ಲಿ ಲೋ ರೇಂಜ್‌ನ ಅನುಪಾತ 1.96, ಮೂರನೇ ಗೇರು 1.67, ಹಿಂದಿನ ಆಕ್ಸಲ್ 3.54. ಮೂರನ್ನೂ ಗುಣಿಸಿದರೆ ಸುಮಾರು 11.6. ಅಂದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಚಕ್ರ ಸುಮಾರು 259 ಸುತ್ತು. 33 ಇಂಚಿನ ಟೈರಿನಲ್ಲಿ ಅದು ಗಂಟೆಗೆ 41 ಕಿ.ಮೀ. ಅದೇ ನಾಲ್ಕನೇ ಗೇರಿನಲ್ಲಿ ಚಕ್ರದ ವೇಗ 68 ಕಿ.ಮೀ.ಗೆ ಏರುತ್ತದೆ. ಆದರೆ ಅಷ್ಟು ವೇಗವನ್ನು ಭಾರದಡಿಯಲ್ಲಿ ಹಿಡಿದಿಡಲು ಬೇಕಾದ ಶಕ್ತಿ ಕಂಪನಿಯಿಂದ ಬಂದಂತಿರುವ ಎಂಜಿನ್‌ನಲ್ಲಿಲ್ಲ. ನಡುದಾರಿಯಲ್ಲಿ ಆರ್‌ಪಿಎಂ ಕುಸಿದು, ಟರ್ಬೊ ಸೊರಗಿ, ಗಾಡಿ ನಿಲ್ಲುತ್ತದೆ. ಸಡಿಲ ಮಣ್ಣಿಗೆ ಚಕ್ರದ ವೇಗ ಬೇಕು, ಬಿಗಿ ಮಣ್ಣಿಗೆ ಬಲ ಬೇಕು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ.

8. ಎಂಜಿನ್: ಮೊದಲು ಗಟ್ಟಿ ಮಾಡಿ, ಆಮೇಲೆ ಇಂಧನ ಕೊಡಿ

ಈ ಎಂಜಿನ್ ಕಂಪನಿಯಿಂದ ಬಂದಾಗ 160 ಅಶ್ವಶಕ್ತಿ, 400 ಪೌಂಡ್-ಅಡಿ ಟಾರ್ಕ್ ಕೊಡುತ್ತಿತ್ತು. ಕಂಪ್ಯೂಟರ್ ಇಲ್ಲ, ಎಲ್ಲವೂ ಕೈಗೆ ಸಿಗುವ ಸ್ಕ್ರೂ, ಸ್ಪ್ರಿಂಗ್, ಲಿವರ್. ಬಾಷ್ ಪಂಪಿನ ಹಿಂಭಾಗದ ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ, ಕರಿ ಹೊಗೆ ಎದ್ದು ಪ್ರೇಕ್ಷಕರು ಕೇಕೆ ಹಾಕುತ್ತಾರೆ. ಹೊಗೆ ಎಂದರೆ ಉರಿಯದೆ ಉಳಿದ ಇಂಧನ. ಅದರಿಂದ ಗಾಡಿ ಒಂದಡಿಯೂ ಮುಂದೆ ಹೋಗುವುದಿಲ್ಲ.

ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲನೆಯದು ಟೈಮಿಂಗ್ ಗೇರಿನ ಕವಚ. ಅಲ್ಲಿ ಒಂದು ಸಣ್ಣ ಉಕ್ಕಿನ ಪಿನ್ ಇದೆ. ವರ್ಷಗಳ ಕಂಪನದಲ್ಲಿ ಅದು ಸಡಿಲಗೊಂಡು ಗೇರುಗಳ ನಡುವೆ ಬಿದ್ದರೆ ಎಂಜಿನ್ ಅಲ್ಲಿಗೆ ಮುಗಿಯಿತು. ಕವಚ ಬಿಚ್ಚಿ, ಪಿನ್ನಿನ ಮುಂದೆ ಒಂದು ತಗಡಿನ ಪಟ್ಟಿಯನ್ನು ಪಕ್ಕದ ಬೋಲ್ಟಿಗೆ ಸಿಕ್ಕಿಸಿ ಬಿಗಿದರೆ ಪಿನ್ ಹೊರಬರಲಾರದು. ಒಂದು ದಿನದ ಕೆಲಸ. ಈ ಎಂಜಿನ್ ಬಲ್ಲವರೆಲ್ಲ ಮೊದಲು ಮಾಡುವುದು ಇದನ್ನೇ. ಎರಡನೆಯದು ವಾಲ್ವ್ ಸ್ಪ್ರಿಂಗ್. ಎಂಜಿನ್ನಿನ ವೇಗಕ್ಕೆ ಮಿತಿ ಹಾಕುವ ಗವರ್ನರಿನ ಸ್ಪ್ರಿಂಗ್ ಬದಲಿಸಿ 3,000 ಸುತ್ತು ದಾಟಿಸಬೇಕೆಂದರೆ ಹಳೆಯ ವಾಲ್ವ್ ಸ್ಪ್ರಿಂಗ್ ಸಾಲದು. ವಾಲ್ವ್ ಸಮಯಕ್ಕೆ ಮುಚ್ಚದೆ ಪಿಸ್ಟನ್ನಿಗೆ ತಾಗುವ ಅಪಾಯವಿದೆ. ಮೂರನೆಯದು ಹೆಡ್ ಬೋಲ್ಟುಗಳ ಬದಲು ಸ್ಟಡ್. ಟರ್ಬೊ ಒತ್ತಡ ಏರಿಸುವ ಮುಂಚೆಯೇ ಇದು ಆಗಬೇಕು, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನಿಲ್ಲದು. ನಾಲ್ಕನೆಯದು ಕ್ಲಚ್. ಶಕ್ತಿ ಹೆಚ್ಚಿಸಿ ಕ್ಲಚ್ ಪ್ಲೇಟ್ ಹಳೆಯದೇ ಬಿಟ್ಟರೆ ಸಿಗುವುದು ಸುಟ್ಟ ವಾಸನೆ ಮಾತ್ರ.

ಇವೆಲ್ಲ ಆದ ಮೇಲೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಟರ್ಬೊಗೆ ಮುಂಚೆ ಒಂದು ಉಷ್ಣತೆಯ ಮೀಟರ್ ಕೂರಿಸಿ, ಆಮೇಲೆ ಪಂಪಿಗೆ ಕೈ ಹಾಕಿ. 650ರಿಂದ 700 ಡಿಗ್ರಿ ಸೆಲ್ಸಿಯಸ್ ದಾಟಿ ಹೊತ್ತು ಕಳೆದರೆ ಅಲ್ಯೂಮಿನಿಯಂ ಪಿಸ್ಟನ್ ಕರಗುವ ಹಾದಿ ಹಿಡಿಯುತ್ತದೆ. ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿದೆಯೇ ಎಂದು ಹೇಳುವುದು ಆ ಮೀಟರೇ.

9. ನಿಲ್ಲಿಸಲು ಬಾರದ ಗಾಡಿಯನ್ನು ಹೊರಡಿಸಬೇಡಿ

ಈ ಪಾಠದಲ್ಲಿ ರಾಜಿ ಇಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ. ಗಾಳಿ ಮತ್ತು ಉರಿಯುವ ಎಣ್ಣೆ ಸಿಕ್ಕರೆ ಸಾಕು. ಟರ್ಬೊದ ಸೀಲ್ ಹರಿದು ಎಂಜಿನ್ ಆಯಿಲ್ ಗಾಳಿಯ ದಾರಿಗೆ ನುಗ್ಗಿದರೆ, ಕೀಲಿ ತಿರುಗಿಸಿದರೂ, ಡೀಸೆಲ್ ಬಂದ್ ಮಾಡಿದರೂ ಅದು ತನ್ನದೇ ಆಯಿಲ್ ಕುಡಿದು ಒಡೆಯುವವರೆಗೂ ಓಡುತ್ತದೆ. ನಿಲ್ಲಿಸುವ ಭರವಸೆಯ ದಾರಿ ಗಾಳಿಯ ಬಾಯಿ ಮುಚ್ಚುವುದೇ. ಅದಕ್ಕೇ ಗಾಳಿಯ ಕೊಳವೆಯಲ್ಲಿ ಸ್ಪ್ರಿಂಗಿನ ಬಲದಲ್ಲಿ ಮುಚ್ಚುವ ಕದ ಹಾಕಿಸಿ, ಅದರ ಕೇಬಲ್ಲನ್ನು ಗಾಡಿಯ ಹಿಂದಕ್ಕೆ ತಂದು ತುದಿಗೆ ಉಂಗುರ ಕಟ್ಟಬೇಕು. ಆ ಉಂಗುರವನ್ನು ಸ್ಲೆಡ್ಡಿಗೆ ಜೋಡಿಸುತ್ತಾರೆ. ಸರಪಳಿ ಕಡಿದು ಗಾಡಿ ಮುಂದೆ ಹಾರಿದರೆ ಕೇಬಲ್ ಎಳೆದು ಎಂಜಿನ್ ತಾನೇ ನಿಲ್ಲುತ್ತದೆ. ಕಣಕ್ಕಿಳಿಯುವ ಮುನ್ನ ಪ್ರತಿ ಸಲ ಅದನ್ನು ಕೈಯಿಂದ ಎಳೆದು, ಎಂಜಿನ್ ನಿಂತದ್ದನ್ನು ಕಣ್ಣಾರೆ ನೋಡಿ.

ಜಾಯಿಂಟ್ ರಾಡಿನ ಸುತ್ತ ಉಕ್ಕಿನ ಬಳೆ, ಕ್ರಾಸ್‌ಗಳ ಮೇಲೆ ಕವಚ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಹೆಲ್ಮೆಟ್, ಸೀಟ್ ಬೆಲ್ಟ್ ಇರಲೇಬೇಕು. ಮುರಿದ ಜಾಯಿಂಟ್ ರಾಡ್ ತಿರುಗುತ್ತ ಕ್ಯಾಬಿನ್ನಿನ ತಳ ಸೀಳಬಲ್ಲದು. ಮನೆಯವರು ಗ್ಯಾಲರಿಯಲ್ಲಿ ನಿಶ್ಚಿಂತೆಯಿಂದ ಕೂರಬೇಕಾದರೆ ಇವಕ್ಕೆ ಕೊಟ್ಟ ಹಣವನ್ನು ಖರ್ಚು ಎಂದು ಎಣಿಸಬಾರದು.

10. ಕಣವನ್ನು ನಡೆದು ಓದಿ

ನಿಮ್ಮ ಸರದಿಗೆ ಮುಂಚೆ ಅವಕಾಶ ಕೊಟ್ಟರೆ ಕಣದ ಉದ್ದಕ್ಕೂ ನಡೆಯಿರಿ. ಹಿಮ್ಮಡಿ ಊರಿ ನೋಡಿ. ಹಸಿ ಜೇಡಿ ಅಂಟುತ್ತದೆ, ಒಣಗಿದ್ದು ಪುಡಿಯಾಗಿ ಜಾರುತ್ತದೆ. ಸಂಜೆ ಬಿಸಿಲು ಇಳಿದಂತೆ ಮಣ್ಣಿನ ಗುಣ ಬದಲಾಗುತ್ತದೆ. ಮುಂಚಿನ ಗಾಡಿಗಳು ಎಲ್ಲಿ ನಿಂತವು, ಎಲ್ಲಿ ಗುಂಡಿ ತೋಡಿದವು, ರೋಲರ್ ಎಲ್ಲಿ ಸರಿಯಾಗಿ ಒತ್ತಲಿಲ್ಲ ಎಂಬುದನ್ನು ಗಮನಿಸಿ. ಅರ್ಧ ಗಾಡಿಯಗಲ ಎಡಕ್ಕೋ ಬಲಕ್ಕೋ ಸರಿದು ಹೊರಟರೆ ಯಾರೂ ಕೆದಕದ ನೆಲ ಸಿಗುತ್ತದೆ. ಇದಕ್ಕೆ ಬಿಡಿಗಾಸೂ ಬೇಡ.

11. ಹೊರಡುವಾಗ ತಾಳ್ಮೆ, ಕೊನೆಯಲ್ಲಿ ಸ್ಥಿರತೆ

ಸರಪಳಿ ಬಿಗಿಯಾಗುವವರೆಗೆ ಮೆಲ್ಲಗೆ ಮುಂದೆ ಬನ್ನಿ. ಹಸಿರು ಬಾವುಟ ಎದ್ದ ಮೇಲೆಯೂ ಕ್ಲಚ್ಚನ್ನು ಒಮ್ಮೆಲೇ ಬಿಡಬೇಡಿ. ಸ್ಲೆಡ್ ಆರಂಭದಲ್ಲಿ ಹಗುರ. ಅಲ್ಲಿ ಜರ್ಕ್ ಕೊಟ್ಟರೆ ಟೈರು ತನಗೇ ಗುಂಡಿ ತೋಡಿಕೊಳ್ಳುತ್ತದೆ, ಇಲ್ಲವೇ ಕ್ರಾಸ್ ಮುರಿಯುತ್ತದೆ. ಚಕ್ರ ಉರುಳಿದ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ, ನಡುವೆ ಬಿಟ್ಟು ಹಿಡಿಯುವುದು ಬೇಡ. ಟರ್ಬೊ ಒತ್ತಡ ಒಮ್ಮೆ ಬಿದ್ದರೆ ಆ ಭಾರದಡಿ ಮತ್ತೆ ಏಳುವುದಿಲ್ಲ. ಮುಂಭಾಗ ಓರೆಯಾದರೆ ಸ್ಟೀರಿಂಗ್ ಸಣ್ಣದಾಗಿ ತಿದ್ದಿ. ಮುಂದಕ್ಕೆ ಹೋಗುವುದು ನಿಂತಿತೋ, ತಕ್ಷಣ ಕಾಲು ತೆಗೆಯಿರಿ. ನಿಂತ ಗಾಡಿಯಲ್ಲಿ ಚಕ್ರ ತಿರುಗಿಸಿ ಯಾರೂ ಇಂಚು ಗಳಿಸಿಲ್ಲ. ಬಹಳಷ್ಟು ಮುರಿಯುವುದು ಆ ಕೊನೆಯ ಎರಡು ಕ್ಷಣದಲ್ಲೇ.

12. ಪಂದ್ಯ ಮುಗಿದ ಮೇಲೆ ಕೆಲಸ ಶುರು

ಎಂಜಿನ್ ಕೂಡಲೇ ಆಫ್ ಮಾಡಬೇಡಿ. ಮೂರ್ನಾಲ್ಕು ನಿಮಿಷ ಐಡಲ್‌ನಲ್ಲಿ ಓಡಲಿ, ಕಾದ ಟರ್ಬೊದ ಬೇರಿಂಗಿಗೆ ಆಯಿಲ್ ಹರಿಯುತ್ತಿರಲಿ. ಆಮೇಲೆ ಕೊಂಡಿಯ ಬೋಲ್ಟು, ಕ್ರಾಸ್, ಪಟ್ಟಾದ ಯು ಬೋಲ್ಟು, ಆಯಿಲ್‌ನಲ್ಲಿ ನೀರಿನ ಅಂಶ ಎಲ್ಲ ನೋಡಿ. ಒಂದು ನೋಟುಪುಸ್ತಕದಲ್ಲಿ ಮಣ್ಣು ಹೇಗಿತ್ತು, ಟೈರಿನ ಗಾಳಿ ಎಷ್ಟು, ಮುಂದೆ ಎಷ್ಟು ತೂಕ, ಯಾವ ಗೇರು, ಎಷ್ಟು ಅಡಿ ಎಂದು ಬರೆಯಿರಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು ಎಂದು ತಿಳಿಯುವ ದಾರಿಯೇ ಇಲ್ಲ.

13. ಎದುರಾಳಿಯ ಹತ್ತಿರ ಸ್ಪ್ಯಾನರ್ ಕೇಳಲು ನಾಚಬೇಡಿ

ಕಣದಲ್ಲಿ ಒಂದೊಂದು ಅಂಗುಲಕ್ಕೂ ಜಿದ್ದಾಜಿದ್ದಿ. ಕಣದ ಹಿಂದಿನ ಬಯಲಿನಲ್ಲಿ ಮಾತ್ರ ಎಲ್ಲರದೂ ಒಂದೇ ಗ್ಯಾರೇಜು. ನನ್ನ ವರ್ಗದಲ್ಲೇ ಇಳಿಯುವವರು ಜಾಕ್ ತಂದುಕೊಟ್ಟು, ನನ್ನ ಗಾಡಿಯ ಕೆಳಗೆ ಜೊತೆಗೆ ಮಲಗಿ ಕ್ರಾಸ್ ಬದಲಿಸಿಕೊಟ್ಟು, ಸ್ವಲ್ಪ ಹೊತ್ತಿನಲ್ಲೇ ನನ್ನ ವಿರುದ್ಧ ಎಳೆದದ್ದಿದೆ. ಮಣ್ಣಿನ ಬಗ್ಗೆ, ತೂಕದ ಬಗ್ಗೆ ಅಲ್ಲಿ ಕೇಳಿದರೆ ಯಾರೂ ಬಚ್ಚಿಡುವುದಿಲ್ಲ. ಪುಸ್ತಕದಲ್ಲಿ ಸಿಗದ ವಿದ್ಯೆ ಹೀಗೇ ಕೈಯಿಂದ ಕೈಗೆ ದಾಟುತ್ತದೆ. ನನ್ನ ಟೂಲ್ ಬಾಕ್ಸಿನಲ್ಲಿ ಈಗ ಬೇಕಾದ್ದಕ್ಕಿಂತ ಒಂದು ಸೆಟ್ ಕ್ರಾಸ್ ಹೆಚ್ಚಿಗೆ ಇರುತ್ತದೆ, ಕೇಳಿ ಬಂದವರಿಗೆಂದು.

ಹೊಸದಾಗಿ ಇಳಿಯುವವರಿಗೆ ನನ್ನ ಸಲಹೆ ಇದು. ಚಾಸಿ ಗಟ್ಟಿ ಇರುವ ಹಳೆಯ ಗಾಡಿ ಕೊಳ್ಳಿ. ಕೊಂಡಿ, ತೂಕ, ಟೈರು, ಲಾಕರ್, ಟ್ರ್ಯಾಕ್ಷನ್ ಬಾರ್, ಗಾಳಿ ಮುಚ್ಚುವ ಕದ ಇವಿಷ್ಟನ್ನು ಸರಿ ಮಾಡಿಕೊಂಡು, ಎಂಜಿನ್ ಆರೋಗ್ಯ ನೋಡಿಕೊಂಡು, ಪಂಪಿನ ಸ್ಕ್ರೂ ಮುಟ್ಟದೆ ಒಂದು ಇಡೀ ಬೇಸಿಗೆ ಕೆಳಗಿನ ವರ್ಗದಲ್ಲಿ ಎಳೆಯಿರಿ. ಆ ನೂರಾ ಅರವತ್ತು ಅಶ್ವಶಕ್ತಿಯಲ್ಲಿ ಎಷ್ಟು ಪಾಲು ನೆಲಕ್ಕೆ ತಲುಪುತ್ತಿದೆ ಎಂಬುದು ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ. ಎಂಜಿನ್‌ಗೆ ಎಷ್ಟು ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಆಗ ನಿಮ್ಮ ನೋಟುಪುಸ್ತಕದಲ್ಲೇ ಇರುತ್ತದೆ.